ಹೆಸರು ಹೇಳದ ಕಂಪ್ಯೂಟರು

ನಮ್ಮ ಮನೆಯ ಕಂಪ್ಯೂಟರಿಗೆ ಸೆರಗು ಇತ್ತು. ನೀವು ನಕ್ಕರೆ ನನಗೇನೂ ಬೇಸರವಿಲ್ಲ, ಆಗ ನಮ್ಮ ಓಣಿಯವರೆಲ್ಲ ನಕ್ಕವರೇ. ಗಜೇಂದ್ರಗಡದ ಗುಡ್ಡದ ಗಾಳಿ ನಿಮಗೆ ಗೊತ್ತಿದ್ದರೆ ಮಾತ್ರ ನಗು ಸ್ವಲ್ಪ ಕಡಿಮೆಯಾದೀತು. ಕಿಟಕಿ ಮುಚ್ಚಿದರೆ ಬಾಗಿಲ ಸಂದಿಯಿಂದ, ಬಾಗಿಲು ಮುಚ್ಚಿದರೆ ಬೆಳಕಿಂಡಿಯಿಂದ ನುಗ್ಗಿ, ಒರೆಸಿಟ್ಟ ತಾಟಿನ ಮೇಲೂ ಹೆಸರು ಬರೆಯುವಷ್ಟು ಧೂಳು ಸುರಿದು ಹೋಗುವ ಗಾಳಿ ಅದು. ಕಂಪ್ಯೂಟರು ಬಂದ ದಿನ ನನ್ನ ಕಾಕಿ ಅದರ ಸುತ್ತ ಒಂದು ಸುತ್ತು ಬಂದು, ಪಾಪ, ಇದನ್ನು ಬರಿದಲೆಯಲ್ಲಿ ಕೂರಿಸಿದ್ದೀಯಲ್ಲ ಎಂದು ನನ್ನನ್ನೇ ಬೈದು, ಎಳೆ ತಪ್ಪಿ ಮಾರಾಟಕ್ಕೆ ಬಾರದೆ ಉಳಿದಿದ್ದ ಒಂದು ಸೀರೆಯ ಸೆರಗು ಕತ್ತರಿಸಿ ಅಂಚು ಹೊಲಿದು ಮಾನಿಟರಿಗೆ ಹೊದಿಸಿದಳು. ಕೆಂಪು ಸೆರಗು, ನಡುವೆ ಬಿಳಿ ಗೆರೆ. ಕೆಲಸ ಮುಗಿದೊಡನೆ ಅದನ್ನು ಮುಖದ ತುಂಬ ಎಳೆದುಬಿಡಬೇಕು ಎಂಬುದು ಅವಳ ಕಟ್ಟಪ್ಪಣೆ.

ಕಾಕಿ ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ, ನೀಲವ್ವ. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ನಾನು ರೋಣದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ದಿನಾ ಬಸ್ಸಿಗೆ ಹೋಗಿ ಬಸ್ಸಿಗೆ ಬರುವವನು. ಗೋಡೆಯ ಆಚೆ ಕಾಕಾ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ, ಕಾಕಿ ಅವನ ಬಗಲಿಗೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಆ ಮಗ್ಗದ ಸಪ್ಪಳ ಕೇಳುತ್ತಲೇ ನಾನು ಓದಿದ್ದು, ಬರೆದದ್ದು, ಮಲಗಿದ್ದು. ಅದು ನಿಂತಾಗ ಮಾತ್ರ ಎಚ್ಚರವಾಗುತ್ತಿತ್ತು.

ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿಬಾಯಿಂದ ಹೇಳುವುದಿಲ್ಲ. ಮದುವೆಮನೆಯಲ್ಲಿ ಹೊಸ ಸೊಸೆಯನ್ನು ಹೊಸ್ತಿಲ ಬಳಿ ತಡೆದು ಹೆಸರು ಹೇಳು ಎಂದು ಕಾಡುತ್ತಾರಲ್ಲ, ಆಗ ಅವಳು ಪ್ರಾಸ ಕೂಡಿದ ಎರಡು ಸಾಲು ಹೊಸೆದು ಅದರ ಮಡಿಲಲ್ಲಿ ಗಂಡನ ಹೆಸರನ್ನು ಅಡಗಿಸಿ ಹೇಳಬೇಕು. ಅದೇ ಒಡಪು. ಒಡೆದು ಹೇಳದೆ ಉಳಿಸುವ ಮಾತಿಗೆ ಒಡಪು ಎಂದು ಹೆಸರಿಟ್ಟವರು ಯಾರೋ, ಅವರ ಚೇಷ್ಟೆಗೆ ನಾನು ಕೈ ಮುಗಿಯುತ್ತೇನೆ. ಈ ವಿದ್ಯೆಯಲ್ಲಿ ಕಾಕಿಯನ್ನು ಮೀರಿಸಿದವರು ನಮ್ಮ ಊರಲ್ಲಿ ಇರಲಿಲ್ಲ. ಮದುವೆ ಗೊತ್ತಾದ ಹುಡುಗಿಯರು ಒಡಪು ಕಲಿಯಲು ಅವಳ ಬಳಿ ಬಂದು ಕೂರುತ್ತಿದ್ದರು. ಅವಳು ಹೊಸೆದ ಪ್ರತಿಯೊಂದು ಒಡಪಿನಲ್ಲೂ ತನ್ನ ಗಂಡನ ಹೆಸರೇ ಇರುತ್ತಿತ್ತು. ಹೆಸರಿಲ್ಲದೆ ಒಡಪು ಅವಳಿಗೆ ಬರುತ್ತಲೇ ಇರಲಿಲ್ಲ. ನಿಮ್ಮ ನಿಮ್ಮ ಗಂಡಂದಿರನ್ನು ಆ ಜಾಗದಲ್ಲಿ ನೀವೇ ಕೂರಿಸಿಕೊಳ್ಳಿರಿ ಎಂದು ಹುಡುಗಿಯರಿಗೆ ಹೇಳುತ್ತಿದ್ದಳು.

ಒಮ್ಮೆ ರೇಷನ್ ಕಾರ್ಡಿನ ಕೆಲಸಕ್ಕೆ ಅವಳನ್ನು ರೋಣದ ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಗುಮಾಸ್ತ ತಲೆ ಎತ್ತದೆ ಯಜಮಾನರ ಹೆಸರೇನು ಎಂದ. ಕಾಕಿ ನನ್ನ ಮುಖ ನೋಡಿದಳು. ನಾನೋ ಹಿರಿಯರ ಹೆಸರು ಹಿಡಿದು ಕರೆದವನಲ್ಲ, ಬಾಯಿ ತಡವರಿಸಿತು. ಗುಮಾಸ್ತ ಇನ್ನೊಮ್ಮೆ, ಈ ಸಲ ಸ್ವಲ್ಪ ಬಿರುಸಾಗಿ ಕೇಳಿದ. ಆಗ ಕಾಕಿ ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಇಡೀ ಕಚೇರಿಗೆ ಕೇಳುವಂತೆ ಹೇಳಿದಳು:

"ಲಾಳಿ ಆ ಕಡಿ ಹೋದ್ರ ಸಿಟ್ಟು, ಈ ಕಡಿ ಬಂದ್ರ ನಗಿ,
ಮಗ್ಗದ ಕುಣ್ಯಾಗ ಕುಂತಾರ ಕಳಕಪ್ಪ, ನಾ ಅವರ ಬಗಲಿಗಿ."

ಗುಮಾಸ್ತನ ಪೆನ್ನು ನಿಂತಿತು. ಪಕ್ಕದ ಮೇಜಿನವರು ಎದ್ದು ನಿಂತು ನೋಡಿದರು. ಆಮೇಲೆ ಆ ಮನುಷ್ಯ ಬರೆದುಕೊಂಡದ್ದು ಒಂದೇ ಶಬ್ದವಾದರೂ, ಕೇಳಿದ್ದು ಎರಡೂ ಸಾಲು; ನಮ್ಮ ಕೆಲಸ ಲಗೂನೆ ಮುಗಿಸಿ ಕಳಿಸಿದ.

ಆ ದಿನ ಬಸ್ಸಿನಲ್ಲಿ ಬರುವಾಗಲೇ ನಿರ್ಧರಿಸಿದ್ದು, ಇವನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು ಎಂದು. ಭಾನುವಾರ ಮಧ್ಯಾಹ್ನ ಕಾಕಿ ಬಂದು ಮಾನಿಟರಿನ ಸೆರಗು ಎತ್ತಿ, ಹೊಸ ಸೊಸೆಯ ಮುಖ ನೋಡುವವಳ ಹಾಗೆ ಅದನ್ನೊಮ್ಮೆ ನೋಡಿ, ಹೇಳಲು ಶುರು ಮಾಡುತ್ತಿದ್ದಳು. ಗೋಡೆಯ ಆಚೆ ಮಗ್ಗದ ಸಪ್ಪಳ ನಿಂತು, ಮತ್ತೆ ನನ್ನ ಮೇಲೆ ಏನು ಬರೆಸುತ್ತಿದ್ದಾಳೆ ಅವಳು ಎಂಬ ಕಾಕಾನ ದನಿ ಬರುತ್ತಿತ್ತು. ಕಾಕಿ ಅದಕ್ಕೆ ಇನ್ನೊಂದು ಒಡಪು ಹೇಳುತ್ತಿದ್ದಳು. ನಾನು ಬಾಯಿಂದ ಎಂದೂ ಆಡದ ಹೆಸರನ್ನು ನನ್ನ ಬೆರಳುಗಳು ಸಾಲು ಸಾಲಿಗೂ ಆಡಿದವು, ಬೆರಳಿಗೆ ಯಾರ ಸಂಕೋಚವೂ ಇದ್ದಂತಿರಲಿಲ್ಲ.

ಕಾಕಾ ಒಂದು ಸಂಜೆ ಮಗ್ಗದಿಂದ ಎದ್ದು ಬಂದು ಚಹಾ ಕೇಳಿ, ಚಹಾ ಆರುವಷ್ಟರಲ್ಲಿ ಹೋಗಿಬಿಟ್ಟ. ಅರ್ಧ ನೇಯ್ದ ಸೀರೆ ಮಗ್ಗದ ಮೇಲೆಯೇ ಉಳಿಯಿತು. ಆಮೇಲೆ ಮದುವೆಮನೆಗಳಲ್ಲಿ, ಗಂಡ ತೀರಿಕೊಂಡವಳೆಂದು, ಕಾಕಿಯನ್ನು ಒಡಪು ಹೇಳು ಎಂದು ಯಾರೂ ಕೇಳಲಿಲ್ಲ. ಬೇಡ ಎಂದವರೂ ಇಲ್ಲ, ಬೇಕು ಎಂದವರೂ ಇಲ್ಲ. ಹೆಸರು ಹೇಳಿಸುವ ಹೊತ್ತಿಗೆ ಅವಳು ತಾನೇ ಎದ್ದು ಅಡುಗೆಯ ಕಡೆ ನಡೆಯುತ್ತಿದ್ದಳು. ಇನ್ನಷ್ಟು ಬರೆದುಕೊಳ್ಳೋಣ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಮುಗಿದವಪ್ಪಾ ಅವು ಎಂದಳು. ಅವಳಿಗೆ ಒಡಪಿನ ಮರೆಯಲ್ಲಾದರೂ ಗಂಡನನ್ನು ಕರೆಯಲು ಇದ್ದದ್ದು ಒಂದೇ ದಾರಿ, ಆ ದಾರಿ ಮುಚ್ಚಿತು. ಹೀಗಾಗಿ ಆ ಒಡಪುಗಳು ಲೋಕದಲ್ಲಿ ಉಳಿದದ್ದು ನನ್ನ ಕಂಪ್ಯೂಟರಿನಲ್ಲಿ ಮಾತ್ರ.

ಮುಂದೆ ಆ ಕಂಪ್ಯೂಟರಿಗೇ ಬೇನೆ ಬಂತು. ಚಾಲೂ ಮಾಡಿದರೆ ಕಣ್ಣು ಬಿಡಲು ಅಡುಗೆಯಾಗುವಷ್ಟು ಹೊತ್ತು. ಬಿಟ್ಟರೂ ನಡುನಡುವೆ ನೀಲಿ ಬಣ್ಣಕ್ಕೆ ತಿರುಗಿ ನಿಂತುಬಿಡುತ್ತಿತ್ತು. ದಾದಾಪೀರನನ್ನು ಕರೆಸಿದೆ. ಅವನದು ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿ. ಅವನ ತಂದೆ ರೇಡಿಯೋ ರಿಪೇರಿ ಮಾಡುತ್ತಿದ್ದ ಮೇಜಿನ ಮೇಲೆಯೇ ಇವನು ಮೊಬೈಲು, ಕಂಪ್ಯೂಟರು ಬಿಚ್ಚಿಡುತ್ತಿದ್ದ. ನೋಡಿದವನೇ, ವೈರಸ್ಸು ಮೈಯೆಲ್ಲ ಹಬ್ಬಿದೆ, ಎಲ್ಲ ಅಳಿಸಿ ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಹಾಕದೆ ಗತಿಯಿಲ್ಲ ಎಂದ. ಆಮೇಲೆ ಕೇಳಿದ, "ಏನೇನ ಬೇಕು ಹೇಳ್ರಿ ಸರ, ಮೊದಲ ತಗದಿಡೋಣು. ಉಳಿದದ್ದೆಲ್ಲಾ ಹೋಗ್ತೈತಿ."

ಏನೇನು ಬೇಕು! ಎಷ್ಟು ಸಲೀಸಾಗಿ ಕೇಳಿಬಿಟ್ಟ. ನಿಮಗೆ ಯಾರಾದರೂ ಹಠಾತ್ತನೆ ಹಾಗೆ ಕೇಳಿದರೆ ಏನು ಹೇಳುವಿರಿ? ನಳ ಬಾರದ ಊರಲ್ಲಿ ನೀರಿನ ಟಾಕಿ ತೊಳೆಯುವ ದಿನ ನೆನಪಾಯಿತು. ಕೊಡ, ಬಕೆಟ್ಟು, ಪಾತೇಲಿ, ಕೊನೆಗೆ ಚಹಾದ ಕಪ್ಪಿಗೂ ನೀರು ತುಂಬಿಸಿಟ್ಟು ಮನೆತುಂಬ ಕಾಲಿಡಲು ಜಾಗವಿಲ್ಲದಂತಾಗುತ್ತದೆ. ನಾನೂ ಹಾಗೆಯೇ ಮಾಡಿದೆ. ಪ್ರಶ್ನೆಪತ್ರಿಕೆ ಬೇಕು ಎಂದೆ, ಫೋಟೋ ಬೇಕು ಎಂದೆ, ಇನ್ನೆಂದೂ ಕೇಳಲಾರದ ಹಾಡುಗಳೂ ಬೇಕು ಎಂದೆ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಕಾಕಿ ಒಳಗೆ ಬಂದಳು.

"ಎಲ್ಲಾ ಅಳಸ್ತಾನಂತಲ್ಲ ಬಸೂ, ಒಳಗ ಅವರದಾರಲ್ಲ, ಅವರನ್ನೇನ ಮಾಡ್ತೀರಿ?"

ದಾದಾಪೀರ ನನ್ನ ಕಡೆ ನೋಡಿದ. ನಾನು ಒಡಪಿನ ಕಡತ ತೋರಿಸಿದೆ. ಅವನು ಮಿಕ್ಕ ಎಲ್ಲವನ್ನೂ ಬದಿಗಿಟ್ಟು ಅದನ್ನು ಮೊದಲು ಸೀಡಿಗೆ ಇಳಿಸಿದ, ಕಾಕಿಯ ಸಮಾಧಾನಕ್ಕೆಂದು ಇನ್ನೊಂದು ಸೀಡಿಗೂ ಇಳಿಸಿದ. ನೋಡ್ರಿ ಅವ್ವಾರ, ಇಬ್ಬರಾದರು ಎಂದ. ಕಾಕಿ ನಕ್ಕಳು, ಬಹಳ ದಿನಗಳ ಮೇಲೆ ನಕ್ಕದ್ದು.

ಅಳಿಸುವ ಮುನ್ನ ಅವನು ಡಬ್ಬಿಯ ಬಗಲು ಬಿಚ್ಚಿ ಹಾರ್ಡ್ ಡಿಸ್ಕ್ ತೋರಿಸಿದ. ಅಂಗೈಯಗಲದ ಕಬ್ಬಿಣದ ಇಟ್ಟಿಗೆ. ಇಷ್ಟರೊಳಗೇ ನನ್ನ ಶಾಲೆ, ನನ್ನ ಮನೆಯ ಮುಖಗಳು, ಕಾಕಿಯ ಭಾನುವಾರಗಳು ಎಲ್ಲ ಇವೆಯೆಂದರೆ ಎಲ್ಲಿ, ಹೇಗೆ, ಯಾವ ಆಕಾರದಲ್ಲಿ? ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು. ದೊಡ್ಡ ಗುಡಿಗಳಲ್ಲಿ ಆಗದ ಅಂಜಿಕೆಯೊಂದು ಆ ಇಟ್ಟಿಗೆಯ ಮುಂದೆ ನನಗಾಯಿತು, ಕೈ ಹಿಂದೆ ತೆಗೆದುಕೊಂಡೆ.

ಮರುದಿನ ಹೊಸ ಕಂಪ್ಯೂಟರು. ಅಂದರೆ ಹಳೆಯದೇ, ಆದರೆ ನಿನ್ನೆಯ ನೆನಪೇ ಇಲ್ಲದ್ದು. ಫೋಟೋ ತೆರೆದವು, ಹಾಡು ಹಾಡಿತು. ಕಾಕಿಯನ್ನು ಕರೆಯುವ ಮೊದಲು ಒಮ್ಮೆ ನೋಡಿಬಿಡೋಣ ಎಂದು ಒಡಪಿನ ಕಡತ ತೆರೆದೆ. ತೆರೆಯಿತು. ಪರದೆಯ ತುಂಬ ತಲೆಯ ಮೇಲೆ ಓರೆ ಗೀಟು ಹೊತ್ತ ಇಂಗ್ಲಿಷಿನ ಎ ಅಕ್ಷರಗಳು, ಅವುಗಳ ನಡುವೆ ಪಿ, ಪೌಂಡಿನ ಗುರುತು, ಒಂದರ ಕೆಳಗೆ ನಾಲ್ಕು, ಒಂದರ ಕೆಳಗೆ ಎರಡು. ಕನ್ನಡದ ಒಂದಕ್ಷರವೂ ಇರಲಿಲ್ಲ.

ಆದದ್ದು ಇಷ್ಟು. ಆ ಕಾಲದಲ್ಲಿ ನಾವು ಕನ್ನಡವೆಂದು ಟೈಪು ಮಾಡುತ್ತಿದ್ದದ್ದನ್ನು ಕಂಪ್ಯೂಟರು ಕನ್ನಡವೆಂದು ತಿಳಿದೇ ಇರಲಿಲ್ಲ. ಅದು ಬಲ್ಲ ಪರದೇಶಿ ಗುರುತುಗಳ ಮೇಲೆ ನಮ್ಮ ಅಕ್ಷರಗಳ ವೇಷ ತೊಡಿಸುವ ಫಾಂಟು ಎಂಬುದೊಂದು ಇರುತ್ತಿತ್ತು. ದಾದಾಪೀರ ಅದನ್ನು ತೆಗೆದಿಡಲಿಲ್ಲ, ನಾನೂ ಕೇಳಲಿಲ್ಲ. ಏನೇನು ಬೇಕು ಎಂದಾಗ ನೂರೆಂಟು ಬೇಕು ಎಂದ ಕನ್ನಡ ಮಾಸ್ತರನಿಗೆ, ಕನ್ನಡ ಬೇಕು ಎನ್ನಲು ಹೊಳೆಯಲೇ ಇಲ್ಲ ನೋಡಿ. ಕಣ್ಣೆದುರಿಗೆ ಸದಾ ಇರುವುದನ್ನು ಯಾರು ಗಂಟು ಕಟ್ಟಿಕೊಳ್ಳುತ್ತಾರೆ? ಪ್ರವಾಸಕ್ಕೆ ಹೊರಟವರು ಬಟ್ಟೆ ಬುತ್ತಿ ಎಲ್ಲ ನೆನಪಿಟ್ಟು ಒಯ್ಯುತ್ತಾರೆ, ಉಸಿರು ತಗೊಂಡ್ಯಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಆದರೂ ಒಂದು ಬೆರಗು ನನ್ನನ್ನು ಹಿಡಿದು ನಿಲ್ಲಿಸಿತು. ಏನೂ ಕಳೆದಿರಲಿಲ್ಲ. ಕಾಕಿ ಆಡಿದ ಒಂದೊಂದು ಅಕ್ಷರವೂ ತನ್ನ ತನ್ನ ಜಾಗದಲ್ಲಿ, ಅದೇ ಸಾಲಿನಲ್ಲಿ, ಅದೇ ಕ್ರಮದಲ್ಲಿ ಕೂತಿತ್ತು. ಓದುವವರು ಮಾತ್ರ ಇರಲಿಲ್ಲ. ಹೀಗೂ ಇರಬಹುದೇ? ಇದ್ದೂ ಇಲ್ಲದಿರುವುದು ಎಂದು ನಾವು ಸುಮ್ಮನೆ ಅನ್ನುತ್ತೇವಲ್ಲ, ಅದು ನನ್ನ ಮೇಜಿನ ಮೇಲೆ ಬೆಳಗುತ್ತ ಕೂತಿತ್ತು. ಮನುಷ್ಯರೂ ಹೀಗೆಯೇ ಇರಬೇಕು ಎನಿಸಿತು. ಕಾಕಾನ ಸಿಟ್ಟಿನಲ್ಲಿ ಯಾವುದು ಸಿಟ್ಟು ಯಾವುದು ನಗೆ ಎಂದು ನಮಗೆ ಯಾರಿಗೂ ತಿಳಿಯುತ್ತಿರಲಿಲ್ಲ, ಓದಿ ಹೇಳುವವಳು ಕಾಕಿ ಒಬ್ಬಳೇ.

ಸೆರಗು ಎಳೆದು ಮುಚ್ಚಿಬಿಡಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ಕಾಕಿ ಹಿಂದೆಯೇ ನಿಂತಿದ್ದಳು. ಒಡೆದುಹೋದವೇನು ಎಂದು ಮೆಲ್ಲಗೆ ಕೇಳಿದಳು. ಅದಾವ ಕಾಕಿ, ಓದಾಕ ಬರವೊಲ್ದು ಎಂದೆ. ಅವಳು ಕುರ್ಚಿ ಎಳೆದು ಕೂತಳು. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಸಾಲೆ ಕಲಿತವಳು, ಇಂಗ್ಲಿಷು ಗೊತ್ತಿಲ್ಲ. ಆದರೆ ಬದುಕೆಲ್ಲ ನೂಲಿನ ಎಣಿಕೆಯಲ್ಲಿ ಕಳೆದ ಕಣ್ಣು. ಸಾಲಿನಲ್ಲಿ ಒಂದೇ ಬಗೆಯದು ತಿರುಗಿ ಬಂದರೆ ಅದಕ್ಕೆ ತಪ್ಪುವುದಿಲ್ಲ. ಬೆರಳು ಪರದೆಯ ಮೇಲೆ ಮೇಲಿಂದ ಕೆಳಗೆ ನಡೆಯಿತು, ನಿಂತಿತು, ಮತ್ತೆ ನಡೆಯಿತು.

"ಇಲ್ಲೊಂದು ಪಾವು ಐತಿ ನೋಡು. ಆ ಕಡಿ ಈ ಕಡಿ ಒಂದs ನಮೂನಿ ಅಕ್ಷರ. ಇಲ್ಲೂ ಹಂಗs. ಇಲ್ಲೂ. ಎಲ್ಲಾ ಒಡಪಿನಾಗೂ ಐತಿ." ಸ್ವಲ್ಪ ತಡೆದು ಅಂದಳು, "ಇವರs ಇವರು."

ಬಗ್ಗಿ ನೋಡಿದೆ. ಎರಡು ಪಿ ಅಕ್ಷರಗಳ ನಡುವೆ ಕಾಲು ಭಾಗದ ಗುರುತು, ನಮ್ಮವರು ಪಾವು ಎನ್ನುವುದು. ಎಲ್ಲ ಒಡಪಿನಲ್ಲೂ ಇರುವುದು ಒಂದೇ ಹೆಸರು, ಹಾಗಾದರೆ ಪಿ ಎಂದರೆ ಕ, ಪಾವು ಎಂದರೆ ಳ. ಕ, ಳ, ಕ. ಖರೇ, ಕಾಕಾನೇ! ಕೆಳಗಿನ ಸಾಲುಗಳಲ್ಲೂ ಅದೇ, ಇಳಿದಷ್ಟೂ ಅದೇ. ಯಾರಿಗೂ ಓದಲು ಬಾರದ ಆ ಕಾಡಿನೊಳಗೆ, ಸಾಲು ಸಾಲಿನಲ್ಲೂ, ಅವನು ಕೂತಿದ್ದ. ಜೀವಮಾನವಿಡೀ ಪ್ರಾಸದ ಮರೆಯಲ್ಲಿ ಹೆಸರು ಅಡಗಿಸಿದವಳ ಮಾತುಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಈ ಯಂತ್ರವೂ ಅವಳ ರೂಢಿಯನ್ನೇ ಕಲಿತಿತ್ತು. ತಲೆಯ ಮೇಲೆ ಸೆರಗು, ಬಾಯಲ್ಲಿ ಒಡಪು, ಹೆಸರು ಮಾತ್ರ ಒಲ್ಲೆ.

ನಗೆ ಬಂತು, ಅಳುವೂ ಬಂತು. ಕಾಕಿ ಎರಡನ್ನೂ ಮಾಡದೆ, ಓದುವ ಹಾಗೆ ಮಾಡು ಎಂದಷ್ಟೇ ಹೇಳಿ ಎದ್ದು ಹೋದಳು.

ನರಗುಂದದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಗೆಳೆಯನೊಬ್ಬನಿದ್ದ. ಅವನ ಬಳಿ ಹೋಗಿ ಕನ್ನಡದ ಫಾಂಟನ್ನು ಫ್ಲಾಪಿಯಲ್ಲಿ ಹಾಕಿಸಿಕೊಂಡು, ಅದನ್ನು ಕರ್ಚೀಫಿನಲ್ಲಿ ಸುತ್ತಿ ಎದೆಯ ಜೇಬಿನಲ್ಲಿಟ್ಟುಕೊಂಡು ಬಂದೆ. ದಾದಾಪೀರ ಅದನ್ನು ಹಾಕಿದ. ಪರದೆಯಲ್ಲಿ ಕನ್ನಡ ಮೂಡಿತು, ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ. ಓದಹೋದರೆ ಒಂದು ಶಬ್ದಕ್ಕೂ ಅರ್ಥವಿಲ್ಲ. ಒಬ್ಬೊಬ್ಬರ ಫಾಂಟಿನಲ್ಲಿ ಒಂದೊಂದು ಹೊಂದಾಣಿಕೆಯಂತೆ. ಅಲ್ಲಿ ಕ ಆದದ್ದು ಇಲ್ಲಿ ಇನ್ನೇನೋ. ಅಕ್ಷರ ನಮ್ಮವೇ, ಮಾತು ಯಾರದೂ ಅಲ್ಲ. ಕಾಕಿ ಒಂದು ಸಾಲು ನೋಡಿ, ಇವರು ನಮ್ಮವರಲ್ಲ ಎಂದು ಮುಖ ತಿರುಗಿಸಿದಳು. ಪರಕೀಯ ವೇಷದಲ್ಲೇ ಗುರುತು ಹಿಡಿದವಳಿಗೆ ಈ ಕನ್ನಡದಲ್ಲಿ ಅವನು ಸಿಗಲಿಲ್ಲ.

"ಕಂಪ್ಯೂಟರ ಜೋಡಿ ಬಂದಿದ್ದ ಹಳೇ ಸೀಡಿನs ಬೇಕ್ರಿ ಸರ," ಎಂದ ದಾದಾಪೀರ. ಅದು ಎಲ್ಲಿಯದು? ಮೇಜಿನ ಖಾನೆ, ಟ್ರಂಕು, ಅಟ್ಟ, ಎಲ್ಲ ತಡಕಿಯಾಗಿತ್ತು. ಇಂಥದ್ದಕ್ಕೆಂದು ಗಾಬರಿಯಾಗುವ ವಯಸ್ಸಲ್ಲ ನನ್ನದು, ಆದರೂ ಮೇಜಿನ ಖಾನೆಯನ್ನು ಇನ್ನೊಮ್ಮೆ ಎಳೆದು ನೋಡಿದೆ. ಆಗ ಕಾಕಿ, ಸೀಡಿ ಎಂದರೆ ಅವತ್ತು ಇಬ್ಬರಾದರು ಎಂದು ತೋರಿಸಿದೆಯಲ್ಲ, ಅಂಥ ತಟ್ಟೆಯೇ ಎಂದು ಕೇಳಿದಳು. ದಾದಾಪೀರ ತನ್ನ ಚೀಲದಿಂದ ಒಂದನ್ನು ತೆಗೆದು ಅವಳ ಕೈಯಲ್ಲಿಟ್ಟ. ಅವಳು ಅದನ್ನು ಹೊರಳಿಸಿ ನೋಡಿದಳು, ಅದರಲ್ಲಿ ತನ್ನ ಮುಖ ನೋಡಿದಳು, ಎದ್ದು ತನ್ನ ಮನೆಯ ಕಡೆ ನಡೆದಳು. ನಾವಿಬ್ಬರೂ ಹಿಂದೆಯೇ ಹೋದೆವು.

ಮಗ್ಗ ಹಾಗೆಯೇ ಇತ್ತು, ಅರ್ಧ ನೇಯ್ದ ಸೀರೆಯ ಮೇಲೆ ಒಂದು ಹಳೆಯ ಚಾದರ ಹೊದಿಸಿತ್ತು. ಮೇಲಿನ ತೊಲೆಯಿಂದ ಕೆಂಪು ನೂಲಿನಲ್ಲಿ ಒಂದು ಸೀಡಿ ತೂಗುತ್ತಿತ್ತು. ಆಗ ನೆನಪಾಯಿತು. ಬೆಳಕಿಂಡಿಯಿಂದ ಗುಬ್ಬಿಗಳು ಬಂದು ಮಗ್ಗದ ನೂಲು ಕಿತ್ತೊಯ್ದು ಗೂಡು ಕಟ್ಟುತ್ತಿದ್ದವು. ಹೊಳೆಯುವುದು ಏನಾದರೂ ಇದ್ದರೆ ಕೊಡು, ಹೆದರಿಸಲು ಕಟ್ಟುತ್ತೇನೆ ಎಂದು ಕಾಕಾ ಕೇಳಿದ್ದ, ನಾನು ಪ್ರಶ್ನೆಪತ್ರಿಕೆಯಿಂದ ತಲೆ ಎತ್ತದೆ, ಆ ರಾಶಿಯಲ್ಲಿ ಬೇಕಾದ್ದು ತಗೋ ಎಂದಿದ್ದೆ. ಎಲ್ಲಕ್ಕಿಂತ ಹೆಚ್ಚು ಹೊಳೆಯುವುದನ್ನು ಅವನು ಆರಿಸಿಕೊಂಡಿದ್ದ. ಕನ್ನಡದ ಅಕ್ಷರಗಳೆಲ್ಲ ಅಲ್ಲಿ, ಅವನು ಕೂರುತ್ತಿದ್ದ ಜಾಗದ ನೆತ್ತಿಯ ಮೇಲೆ, ಗುಬ್ಬಿ ಕಾಯುತ್ತ ತೂಗುತ್ತಿದ್ದವು!

ನಾನು ನೂಲು ಹರಿಯಲು ಕೈ ಚಾಚಿದೆ. ಕಾಕಿ ತಡೆದಳು. ಕಟ್ಟಿಗೆಯ ಪೆಟ್ಟಿಗೆಯ ಮೇಲೆ ಹತ್ತಿ ನಿಂತು, ಕಾಕಾ ಹಾಕಿದ ಗಂಟನ್ನು ಉಗುರಿನ ತುದಿಯಿಂದ ಬಿಚ್ಚತೊಡಗಿದಳು. ನೇಕಾರನ ಗಂಟು, ಸುಲಭಕ್ಕೆ ಬಿಡುವುದಲ್ಲ. ನಾವು ಕಾಯುತ್ತ ನಿಂತೆವು. ಗಂಟು ಬಿಟ್ಟಿತು. ನೂಲನ್ನು ಸುರುಳಿ ಸುತ್ತಿ ಕುಬಸದೊಳಗೆ ಇಟ್ಟುಕೊಂಡು, ಸೀಡಿಯ ಧೂಳನ್ನು ತನ್ನ ಸೆರಗಿನಿಂದ ಒರೆಸಿ ದಾದಾಪೀರನ ಕೈಗೆ ಕೊಟ್ಟಳು.

ಅದೆಷ್ಟು ಬಿಸಿಲು ಕುಡಿದಿತ್ತೋ ಆ ತಟ್ಟೆ. ಕಂಪ್ಯೂಟರಿನೊಳಗೆ ಅದು ತಿರುಗುವಾಗ ಎದ್ದ ಸಪ್ಪಳ, ತಡೆ, ಮತ್ತೆ ಸಪ್ಪಳ. ಮಗ್ಗದ ಸಪ್ಪಳ ನಿಂತಾಗ ಕೇಳುತ್ತಿದ್ದ ಹಾಗೆ ಕಿವಿ ಕೊಟ್ಟು ಕೂತೆ. ದಾದಾಪೀರ ಬಾಯೊಳಗೇ ಏನೋ ಬೇಡಿಕೊಳ್ಳುತ್ತಿದ್ದ. ಕೊನೆಗೆ, "ಬಂತ್ರಿ" ಎಂದ. ಒಡಪಿನ ಕಡತ ಮುಚ್ಚಿ ತೆರೆದ.

ನಾನು ಆ ನೋಟವನ್ನು ಹೇಗೆ ಹೇಳಲಿ? ಎ ಇಲ್ಲ, ಪೌಂಡಿಲ್ಲ, ಪಾವಿಲ್ಲ. ಪರದೆಯ ಉದ್ದಕ್ಕೂ ಲಾಳಿ, ಮಗ್ಗ, ಸಿಟ್ಟು, ನಗಿ. ಬದುಕಿಡೀ ಕನ್ನಡ ಕಲಿಸಿ ಹೊಟ್ಟೆ ಹೊರೆದವನು ನಾನು, ಆದರೆ ಕನ್ನಡ ಅಕ್ಷರಗಳನ್ನು ಅಷ್ಟು ಹತ್ತಿರದಿಂದ ಅದೇ ಮೊದಲು ನೋಡಿದವನ ಹಾಗೆ ನೋಡಿದೆ. ಕೊಂಬು, ದೀರ್ಘ, ಒತ್ತು, ಒಂದೊಂದೂ ಎಲ್ಲಿಂದಲೋ ನಡೆದುಬಂದು ತನ್ನ ಜಾಗಕ್ಕೆ ಕೂತಿತ್ತು.

ಕಾಕಿ ಒಡಪುಗಳನ್ನು ಓದಲಿಲ್ಲ. ಅವು ಅವಳಿಗೆ ಬಾಯಿಗೇ ಬರುತ್ತಿದ್ದವು, ಓದುವ ಅಗತ್ಯವಿರಲಿಲ್ಲ. ಅವಳ ಬೆರಳು ಎರಡನೆಯ ಸಾಲಿನಲ್ಲಿ, ಮುಂಚೆ ಪಾವು ಇದ್ದಲ್ಲಿಗೆ ನೇರ ಹೋಯಿತು. ತಲೆಯ ಮೇಲಿನ ಸೆರಗು ಜಾರಿತ್ತು, ಎಳೆದುಕೊಳ್ಳಲಿಲ್ಲ. ಸಾಲೆಯ ಹುಡುಗಿಯ ಹಾಗೆ ಒಂದೊಂದೇ ಅಕ್ಷರ ಕೂಡಿಸಿದಳು.

"ಕ. ಳ. ಕ." ನಿಂತಳು. ಆಮೇಲೆ ಎಲ್ಲ ಸೇರಿಸಿ, "ಕಳಕಪ್ಪ," ಎಂದಳು.

ಹಿಂದೆ ಪ್ರಾಸವಿರಲಿಲ್ಲ, ಮುಂದೆ ಸಾಲಿರಲಿಲ್ಲ. ಆಚೆ ಮನೆಯಲ್ಲಿದ್ದವನನ್ನು ಚಹಾಕ್ಕೆ ಕರೆದ ಹಾಗಿತ್ತು. ದಾದಾಪೀರ ಎದ್ದು, ಅಂಗಡಿಗೆ ಯಾರೋ ಬಂದಿರಬೇಕು ಎನ್ನುತ್ತ ಹೊರಗೆ ಹೋದ. ನಾನು ನೆಲ ನೋಡುತ್ತ ಕೂತೆ. ಗೋಡೆಯ ಆಚೆಯಿಂದ ಉತ್ತರ ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು, ಆದರೂ ಇಬ್ಬರ ಕಿವಿಯೂ ಆ ಕಡೆಗೇ ಇತ್ತು.

ಆಮೇಲೆ ಅವಳು ಎದ್ದು, ಕುರ್ಚಿಯ ಮೇಲೆ ಬಿದ್ದಿದ್ದ ಕೆಂಪು ಸೆರಗನ್ನು ಝಾಡಿಸಿ ಮಾನಿಟರಿನ ಮೇಲೆ ಹಾಕಿದಳು. ರೂಢಿಯಂತೆ ಕೆಳಗೆ ಎಳೆಯಹೋದವಳು ಕೈ ತಡೆದು, ಅದನ್ನು ಹಿಂದಕ್ಕೆ ಸರಿಸಿ ತಲೆಯ ಮೇಲೆ ಮಾತ್ರ ನಿಲ್ಲಿಸಿದಳು. ಪರದೆ ಇನ್ನೂ ಬೆಳಗುತ್ತಿತ್ತು.

"ಮಾರಿ ಮುಚ್ಚಬ್ಯಾಡ ಬಸೂ," ಎಂದಳು. "ಇರಲಿ."